ಊಟದ ಕೋಣೆಯ ದೀಪದ ಕೆಳಗೆ

ಕೆಸೋನ್ ಸಿಟಿ
ಫೆಬ್ರುವರಿ 5, 1979

ಪ್ರೀತಿಯ ಇತಾಯ್,

ಅಪ್ಪಾ, ನಮ್ಮೂರ ಪದ್ಧತಿಯಂತೆ ನಿಮ್ಮ ಕೈಯನ್ನು ಹಣೆಗೊತ್ತಿಕೊಂಡೆ ಎಂದುಕೊಂಡು ಬರೆಯುತ್ತಿದ್ದೇನೆ. ನೀವು ಮರದಲ್ಲಿ ಕೆತ್ತಿ ಕಳಿಸಿದ ಯೇಸುವಿನ ಕಡೆಯ ಭೋಜನದ ಹಲಗೆ ಬಂದು ತಲುಪಿತು. ನಮ್ಮೂರ ಡ್ರೈವರ್ ನೆಸ್ತೊರ್ ಅದನ್ನು ಜೀಪಿನ ಮೇಲೆ ಹಗ್ಗ ಬಿಗಿದು ತಂದ. ಪಾಯೆತೆಯಿಂದ ಇಲ್ಲಿಯವರೆಗೆ ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ "ಅಪೊಸ್ತಲರೇ, ಗಟ್ಟಿಯಾಗಿ ಹಿಡ್ಕೊಳ್ಳಿ!" ಅಂತ ಕೂಗುತ್ತಾ ಬಂದನಂತೆ. ಹನ್ನೆರಡು ಜನ ಶಿಷ್ಯರಲ್ಲಿ ಒಬ್ಬರ ಮೂಗೂ ಮುಕ್ಕಾಗಿಲ್ಲ.

ಮನೆ ಕಟ್ಟಿ ಮುಗಿಯಿತು. ಯಾವ ಗೋಡೆಗೆ ಏನು ಎಂಬುದೇ ಈಗ ದಿನವಿಡೀ ಮಾತು. ಅತ್ತೆ ದೊನ್ಯಾ ಮಿಲಾಗ್ರೋಸ್ ಬೆಳಿಗ್ಗೆಯೇ ಬಂದು ಬೆರಳು ತೋರಿಸುತ್ತಾರೆ, ನಿಮ್ಮ ಅಳಿಯ ಎಫ್ರೆನ್ ಸುತ್ತಿಗೆ ಹಿಡಿದು ಅಮ್ಮನ ಹಿಂದೆ ಓಡಾಡುತ್ತಾರೆ. ಹಜಾರಕ್ಕೆ ಮ್ಯಾಡ್ರಿಡ್‌ನಿಂದ ತರಿಸಿದ ಒಂದು ದೊಡ್ಡ ಚಿತ್ರ ಬಂದಿದೆ. ಕಪ್ಪು ಮಚ್ಚೆಗಳು, ನಡುವೆ ಒಂದು ಕೆಂಪು ಗೆರೆ. ಅಡುಗೆಯ ಅಲಿಂಗ್ ತಿನಯ್ ಒದ್ದೆ ಬಟ್ಟೆ ಹಿಡಿದು ಅದರ ಮುಂದೆ ನಿಂತು, "ಅಮ್ಮಾ, ಇದನ್ನ ಒರೆಸ್ಬೇಕಾ, ಹಾಗೇ ಬಿಡ್ಬೇಕಾ?" ಅಂತ ಕೇಳಿದಳು. ಮೆಟ್ಟಿಲ ಗೋಡೆಯ ಮೇಲೆ ಎಫ್ರೆನ್ ಮತ್ತು ಅವರ ಅಕ್ಕಂದಿರ ಪದವಿಯ ಫೋಟೊಗಳು, ಪದಕಗಳ ಸಮೇತ. ನನ್ನದು ಮಲಗುವ ಕೋಣೆಯಲ್ಲಿದೆ. ಅದರ ಚೌಕಟ್ಟು ಅಲ್ಲಿಗೇ ಹೊಂದುತ್ತದೆ ಎಂದರು.

ನಿಮ್ಮ ಹಲಗೆ ಎಲ್ಲಿ ಎಂದು ಕೇಳುತ್ತೀರಿ. ಮತ್ತೆಲ್ಲಿ? ಊಟದ ಕೋಣೆಯಲ್ಲಿ, ದೀಪದ ಕೆಳಗೆ. ಉಣ್ಣಲು ಕೂತವರಿಗೆಲ್ಲ ಎದುರಿಗೇ ಕಾಣುತ್ತದೆ. ಅಲಿಂಗ್ ತಿನಯ್ ದಿನಾ ಒರೆಸುತ್ತಾಳೆ, ಮೀನು ಹುರಿಯುವಾಗ ಎಣ್ಣೆ ಸಿಡಿಯುತ್ತದಲ್ಲ.

ನಿಮ್ಮ ಮಗಳು,
ಚೋಲೆಂಗ್

ಪಾಯೆತೆ
ಫೆಬ್ರುವರಿ 21, 1979

ಮಗಳೇ ಚೋಲೆಂಗ್,

ಕಾಗದ ಸಿಕ್ಕಿತು. ಹೊಸ ಮನೆಯಲ್ಲಿ ಎಲ್ಲರೂ ಸುಖವಾಗಿರಿ. ನಿನ್ನ ಅಮ್ಮ ಬದುಕಿದ್ದಿದ್ದರೆ ಇಷ್ಟು ಹೊತ್ತಿಗೆ ಅಲ್ಲಿಗೆ ಬಂದು ನಿನ್ನ ಅತ್ತೆಯ ಜೊತೆ ಒಂದು ಜಗಳ ಮುಗಿಸಿ ಇನ್ನೊಂದಕ್ಕೆ ಟೊಂಕ ಕಟ್ಟಿರುತ್ತಿದ್ದಳು.

ಒಂದು ಮಾತು ಕೇಳು. ಆ ಹಲಗೆಯನ್ನು ಊಟದ ಕೋಣೆಯಲ್ಲಿ ಹಾಕಬೇಡ. ದೀಪದ ಕೆಳಗಂತೂ ಬೇಡವೇ ಬೇಡ. ಬಟಿಕುಲಿಂಗ್ ಮರಕ್ಕೆ ದೀಪದ ಕಾವು ತಾಗಬಾರದು, ಸೀಳಿ ಹೋಗುತ್ತದೆ. ದೊಡ್ಡವರ ಮನೆಗಳಲ್ಲಿ ಒಣಮೀನು ಗಿಣಮೀನು ಹುರಿಯಲು ಹಿತ್ತಲ ಕಡೆ ಇನ್ನೊಂದು ಅಡುಗೆಮನೆ ಇರುತ್ತದಂತಲ್ಲ, ಅಲ್ಲಿ ಹಾಕು. ಒಲೆಯ ಮೇಲ್ಗಡೆ, ಕೈಗೆ ಸಿಗದಷ್ಟು ಎತ್ತರದಲ್ಲಿ. ಹೊಗೆ ಕುಡಿದ ಮರಕ್ಕೆ ಹುಳ ಬೀಳುವುದಿಲ್ಲ. ವರ್ಷ ಕಳೆದಂತೆ ಕಪ್ಪಾಗಿ, ಎಲ್ಲ ಒಂದೇ ಸಮ ಕಾಣುತ್ತದೆ.

ಬೇಸರದಿಂದ ಹೇಳುತ್ತಿಲ್ಲ. ಕೆತ್ತಿದವನು ನಾನು, ಅದು ಎಲ್ಲಿರಬೇಕು ಎಂದು ನನಗೆ ಗೊತ್ತು. ಊಟದ ಕೋಣೆಗೆ ಹಣ್ಣಿನ ಚಿತ್ರ ಹಾಕಿಕೊಳ್ಳಿ. ಹಣ್ಣಿನ ಚಿತ್ರವನ್ನು ಯಾರೂ ನಿಂತು ನೋಡುವುದಿಲ್ಲ.

ನಿನ್ನ ಇತಾಯ್

ಕೆಸೋನ್ ಸಿಟಿ
ಮಾರ್ಚ್ 6, 1979

ಇತಾಯ್,

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತಿವೆ, ಸಾಲುಗಳು ಮೂಲೆಗೆ ಜಾರಿವೆ. ನಿಮ್ಮ ಗೆಳೆಯ ಕಾ ಇಸ್ಯೊ ಜೊತೆ ತೆಂಗಿನ ಸಾರಾಯಿ ಕುಡಿದು ಬಂದು ಬರೆದಿರಾ? ಅಮ್ಮ ಹೋದ ಮೇಲೆ ನಿಮ್ಮನ್ನು ಕೇಳುವವರು ಯಾರೂ ಇಲ್ಲದ ಹಾಗಾಗಿದೆ.

ನಾನೂ ಪಾಯೆತೆಯಲ್ಲೇ ಹುಟ್ಟಿದವಳು. ನಮ್ಮವರ ಪರಿನಿಗ್ ನನಗೆ ತಿಳಿಯದೇ? ಬಾವಿಕಟ್ಟೆಯಲ್ಲಿ ಬಕೆಟ್ಟಿಗೆ ಬೈದ ಹಾಗೆ ಮಾಡಿ ಪಕ್ಕದ ಮನೆಯವಳಿಗೆ ತಾಗಿಸುವುದು. ಅಮ್ಮ ಅದರಲ್ಲಿ ಪಳಗಿದವಳು, ನೀವೂ ಕಡಿಮೆಯಿಲ್ಲ. 'ಹಿತ್ತಲ ಅಡುಗೆಮನೆಯಲ್ಲಿ ಹಾಕು, ಒಲೆಯ ಮೇಲೆ ಹಾಕು' ಎಂದು ಬರೆದರೆ ಆ ಚುಚ್ಚು ಯಾರಿಗೆ ಎಂದು ನನಗೆ ಅರ್ಥವಾಗುತ್ತದೆ. ನೆಸ್ತೊರ್ ಊರಿಗೆ ಬಂದು ಏನಾದರೂ ಊದಿದ್ದರೆ ನಂಬಬೇಡಿ. ಅವನು ಹಿಂದಿನ ಗೇಟಿನಲ್ಲಿ ಪೆಟ್ಟಿಗೆ ಇಳಿಸಿ ಹಾಗೇ ಹೋದವನು.

ಹಲಗೆ ಊಟದ ಕೋಣೆಯಲ್ಲೇ ಇದೆ, ಅಲ್ಲೇ ಇರುತ್ತದೆ. ಹೋದ ಭಾನುವಾರ ಅತ್ತೆಯ ಗೆಳತಿಯೊಬ್ಬರು ಊಟದ ನಡುವೆ ಎದ್ದು ಹೋಗಿ, ಕನ್ನಡಕ ಹಾಕಿಕೊಂಡು ಒಬ್ಬೊಬ್ಬ ಅಪೊಸ್ತಲನನ್ನೂ ಹತ್ತಿರದಿಂದ ನೋಡಿದರು. ಅವರ ಸೂಪು ಆರಿ ತಣ್ಣಗಾಯಿತು. "ಇಂಥ ಕೈಗಳನ್ನ ನಾನು ಎಲ್ಲೂ ನೋಡಿಲ್ಲ ಕಣ್ರೀ" ಅಂದರು. ಪಾದ್ರಿಗಳೂ ನೋಡಿದರು. ಇನ್ನೇನು ಬೇಕು ನಿಮಗೆ?

ಮನೆಯ ಆಶೀರ್ವಾದ ಈಸ್ಟರ್ ಕಳೆದ ಮೇಲೆ, ಏಪ್ರಿಲ್ 22ಕ್ಕೆ. ನೀವು ಬರಬೇಕು. ಆದರೆ ದಾರಿ ದೂರ, ಬಸ್ಸಿನಲ್ಲಿ ಕೂತರೆ ನಿಮಗೆ ಮಂಡಿ ಹಿಡಿದುಕೊಳ್ಳುತ್ತದೆ, ಆ ದಿನ ಜನವೂ ಬಹಳ. ಕಷ್ಟಪಟ್ಟುಕೊಂಡು ಬರಲೇಬೇಕೆಂದೇನಿಲ್ಲ. ಆಮೇಲೆ ಯಾವಾಗಲಾದರೂ ನಿಧಾನವಾಗಿ ಬಂದರೂ ಆಯಿತು.

ಚೋಲೆಂಗ್

ಪಾಯೆತೆ
ಮಾರ್ಚ್ 20, 1979

ಮಗಳೇ,

ಆ ಕನ್ನಡಕದ ಹೆಂಗಸು ಯಾರು? ಯಾವ ತುದಿಯಿಂದ ನೋಡುತ್ತ ಬಂದರು, ಎಡದಿಂದಲೋ ಬಲದಿಂದಲೋ? ಕೈಗಳ ಮಾತನ್ನು ನಗುತ್ತ ಅಂದರೋ, ಸುಮ್ಮನೆ ಅಂದರೋ? ಪಾದ್ರಿಗಳು ನೋಡಿ ಏನೂ ಹೇಳಲಿಲ್ಲವೇ? ನಿನ್ನ ಅತ್ತೆ ನನ್ನ ಮೇಲೆ ಮುನಿಸಿಕೊಂಡಿದ್ದರೆ ಮುಚ್ಚಿಡದೆ ಬರಿ. ಅವರನ್ನು ಆಡಿಕೊಳ್ಳಬೇಕೆಂದು ನಾನು ಏನನ್ನೂ ಮಾಡಿದವನಲ್ಲ.

ನಾನು ಕುಡಿದಿರಲಿಲ್ಲ. ಬರೆಯುವಾಗ ಬೆಳಕು ಕಡಿಮೆಯಿತ್ತು.

ಈಗ ಈಸ್ಟರಿನ ಮುಂಚಿನ ತಪಸ್ಸುಕಾಲ. ನಮ್ಮ ಚರ್ಚಿನಲ್ಲಿ ಸಂತರ ಮೂರ್ತಿಗಳಿಗೆಲ್ಲ ನೇರಳೆ ಬಟ್ಟೆ ಹೊದಿಸುತ್ತಾರೆ. ನೀನೂ ಒಂದು ನೇರಳೆ ಬಟ್ಟೆ ತಂದು ಹಲಗೆಗೆ ಹೊದಿಸು. ಸೊಸೆ ಎಂಥ ಭಕ್ತೆ ಎಂದು ಹೊಗಳುತ್ತಾರೆ. ಈಸ್ಟರ್ ಆದ ಮೇಲೆ ತೆಗೆಯಲು ಮರೆತುಬಿಡು. ಯಾರಾದರೂ ಕೇಳಿದರೆ ಬಟ್ಟೆ ಮೊಳೆಗೆ ಸಿಕ್ಕಿಕೊಂಡಿದೆ ಎನ್ನು.

22ಕ್ಕೆ ನನಗೆ ಬರಲಾಗುವುದಿಲ್ಲ. ಪವಿತ್ರ ವಾರದ ಮೆರವಣಿಗೆಗೆ ಸಂತರನ್ನು ಸಿದ್ಧ ಮಾಡಿಕೊಡಬೇಕು, ಉಳಿ ಕೆಳಗಿಡಲು ಬಿಡುವಿಲ್ಲ. ಅಲ್ಲದೆ ಆ ಹಲಗೆಯ ಎದುರಿಗೆ, ಅಷ್ಟು ಜನರ ನಡುವೆ ಕೂತು ಉಣ್ಣುವುದು ನನ್ನಿಂದಾಗದು.

ನಿನ್ನ ಇತಾಯ್

ಕೆಸೋನ್ ಸಿಟಿ
ಏಪ್ರಿಲ್ 12, 1979

ಇತಾಯ್,

ಇವತ್ತು ಪವಿತ್ರ ಗುರುವಾರ. ಮನೆಯವರೆಲ್ಲ ಚರ್ಚಿನಿಂದ ಚರ್ಚಿಗೆ ಸುತ್ತಲು ಹೋಗಿದ್ದಾರೆ. ನಾನು ತಲೆನೋವು ಎಂದು ಹೇಳಿ ಉಳಿದುಕೊಂಡೆ.

ನಿಮ್ಮ ನೇರಳೆ ಬಟ್ಟೆಯ ಮಾತು ಬಂದಾಗಿನಿಂದ ನನಗೆ ಊಟ ಸೇರುತ್ತಿಲ್ಲ. 'ನನ್ನ ಕೆಲಸವನ್ನು ಮುಚ್ಚಿಬಿಡು, ನಿನಗೆ ಬೇಕಾದ್ದು ಅದೇ ತಾನೆ' ಎಂದು ಕಿವಿಗೆ ಕೇಳಿಸುತ್ತದೆ. ಮೆರವಣಿಗೆಗಳೆಲ್ಲ ಈಸ್ಟರಿಗೇ ಮುಗಿಯುತ್ತವೆ, ಆಶೀರ್ವಾದ ಅದಾದ ಮುಂದಿನ ವಾರ. ಸಂತರ ಕೆಲಸ ಎಂಬುದು ನೆಪ. ನಿಮಗೆ ನನ್ನ ಮೇಲೆ ಸಿಟ್ಟಿದೆ, ಆ ಸಿಟ್ಟು ನ್ಯಾಯವೇ. ನೆಸ್ತೊರ್ ಏನಾದರೂ ಹೇಳಿದ್ದರೆ ಅದು ನಿಜವೇ.

ಹಲಗೆ ಊಟದ ಕೋಣೆಯಲ್ಲಿ ಒಂದು ದಿನವೂ ಇರಲಿಲ್ಲ. ಪೆಟ್ಟಿಗೆ ಬಿಚ್ಚಿದಾಗ ಅತ್ತೆ ದೂರದಲ್ಲೇ ನಿಂತು ನೋಡಿದರು.

"ಅಯ್ಯೋ, ಇದಾ! ಊರಲ್ಲಿರೋ ಜೀಪ್ ಡ್ರೈವರ್‌ಗಳ ಮನೇಲೆಲ್ಲಾ ಇದೇ ಇರುತ್ತೆ. ಇದರ ಜೊತೆ ಅವರು ಗೋಡೆಗೆ ನೇತುಹಾಕೋ ಆ ದೊಡ್ಡ ಮರದ ಚಮಚ ಹಿಂದೆ ಇನ್ನೊಂದು ಜೀಪಲ್ಲಿ ಬರ್ತಿದೆಯೇನಮ್ಮಾ?"

ಎಫ್ರೆನ್ ನಕ್ಕರು. ನಾನೂ ನಕ್ಕೆ ಇತಾಯ್. ಮೊದಲು ಹೇಳಬೇಕಾದದ್ದು ಅದನ್ನೇ.

"ಎಲ್ಲಿ ಸಿಕ್ತು ಇದು?" ಅಂತ ಅತ್ತೆ ಕೇಳಿದರು.

"ನಮ್ಮೂರಲ್ಲಿ ಒಂದು ಅಂಗಡೀಲಿ."

"ಬಾಯಿಗೆ ಬಂದಷ್ಟು ಬೆಲೆ ಹೇಳಿರ್ತಾನೆ."

"ಹೇಳ್ದ. ಚೌಕಾಸಿ ಮಾಡ್ದೆ," ಅಂದೆ.

ಮದುವೆಯ ದಿನ ಎಫ್ರೆನ್ ತಮ್ಮ ಮನೆಯವರಿಗೆ ನಿಮ್ಮನ್ನು ತೋರಿಸಿ 'ಮರದ ವ್ಯಾಪಾರ' ಎಂದಿದ್ದರು. ನಾನು ಆಗಲೂ ತಿದ್ದಲಿಲ್ಲ. ಎಫ್ರೆನ್ ಅವರಿಗೆ ನಿಜ ಗೊತ್ತಿದ್ದರೂ ಪೆಟ್ಟಿಗೆಯ ಮುಂದೆ ನನ್ನ ಮಾತನ್ನು ತಿದ್ದಲಿಲ್ಲ. ಅವರ ಮೇಲೆ ತಪ್ಪು ಹೊರಿಸುವುದಿಲ್ಲ, ಅಪ್ಪ ನನ್ನವರು. ಪ್ರಭುವನ್ನು ಅರಿಯೆ ಎಂದ ಸಂತ ಪೇತ್ರನಿಗಾದರೂ ಕೋಳಿ ಕೂಗಿ ಎಚ್ಚರಿಸಿತು. ಈ ಬಡಾವಣೆಯಲ್ಲಿ ಕೋಳಿ ಸಾಕುವಂತಿಲ್ಲ.

ಹಲಗೆ ಹಿತ್ತಲ ಅಡುಗೆಮನೆಯಲ್ಲಿದೆ, ಒಲೆಯ ಪಕ್ಕದ ಗೋಡೆಗೆ. ಕನ್ನಡಕದ ಹೆಂಗಸು ಇಲ್ಲವೇ ಇಲ್ಲ. ಪಾದ್ರಿಗಳು ಅದನ್ನು ನೋಡಿಲ್ಲ. ಆ ಕೈಗಳ ಮಾತನ್ನು ಹುಟ್ಟಿಸಿದವಳು ನಾನೇ, ನಿಮಗೆ ಸಂತೋಷವಾಗಲಿ ಎಂದು. ನಿಮ್ಮನ್ನು 22ಕ್ಕೆ ಕರೆಯುವಾಗಲೂ ನೀವು ಬರದೇ ಇರಲಿ ಎಂದೇ ಕರೆದೆ. ಏನು ಬೈಯಬೇಕೋ ಬೈಯಿರಿ, ಈ ಸಲ ನೇರವಾಗಿ ಬೈಯಿರಿ.

ಚೋಲೆಂಗ್

ಪಾಯೆತೆ
ಏಪ್ರಿಲ್ 17, 1979

ಮಗಳೇ,

ಇದು ಕಾ ಇಸ್ಯೊನ ಕೈಬರಹ. ನಾನು ಹೇಳುತ್ತೇನೆ, ಅವನು ಬರೆಯುತ್ತಾನೆ. ನಿನ್ನ ಕಾಗದವನ್ನು ನನಗೆ ಓದಿ ಹೇಳಿದವನೂ ಅವನೇ. ಇಲ್ಲಿಯವರೆಗೆ ಬಾಗಿಲಲ್ಲಿ ಬಿಸಿಲಿಗೆ ಹಿಡಿದು ಹೇಗೋ ಓದಿಕೊಳ್ಳುತ್ತಿದ್ದೆ. ಈಗ ಅದೂ ಆಗುತ್ತಿಲ್ಲ. ನನ್ನ ಎರಡು ಕಣ್ಣಿಗೂ ಪೊರೆ ಬಂದಿದೆ, ಬಂದು ಬಹಳ ದಿನವಾಯಿತು. ಹೊಸ ಮನೆಯ ಗಡಿಬಿಡಿಯಲ್ಲಿ ನಿನಗೆ ಯಾಕೆ ಎಂದು ಹೇಳಿರಲಿಲ್ಲ. ಮೆರವಣಿಗೆಯ ಸಂತರೂ ಸುಳ್ಳು. ಈ ವರ್ಷ ಯಾರೂ ನನಗೆ ಕೆಲಸ ಕೊಟ್ಟಿಲ್ಲ.

ಕನ್ನಡಕದ ಹೆಂಗಸು ಇಲ್ಲವೇ ಇಲ್ಲ ಎಂದು ಇಸ್ಯೊ ಓದಿದಾಗ ನಾನು ಎದ್ದು ನಿಂತು, "ಇಲ್ವಂತೆ ಕಣೋ! ಆ ಹೆಂಗಸು ಹುಟ್ಟೇ ಇಲ್ವಂತೆ!" ಎಂದು ನಗುತ್ತ ಕೂಗಿದೆ. ಬೀದಿಯವರು ಇಣುಕಿ ನೋಡಿದರು.

ಯಾಕೆ ಎಂದು ಹೇಳುತ್ತೇನೆ. ಕಡೆಯ ಭೋಜನವನ್ನು ನಾವು ಎರಡು ತುದಿಗಳಿಂದ ಶುರುಮಾಡಿ ನಡುವಿಗೆ ಬರುತ್ತೇವೆ. ಪ್ರಭುವಿನ ಮುಖ ಕೊನೆಗೆ. ಎಡಗಡೆಯವರನ್ನು ಮುಗಿಸಿದ ಮೇಲೆ ನನಗೆ ಕೆಮ್ಮು ಹಿಡಿದು ಕೆಲಸ ನಿಂತಿತ್ತು. ಮತ್ತೆ ಉಳಿ ಹಿಡಿದಾಗ ಯೂದಾಸ ಇನ್ನೂ ಆಗಬೇಕು ಎಂದುಕೊಂಡು ಬಲಗಡೆ ಅವನನ್ನು ಕೆತ್ತಿದೆ, ಪ್ರಭುವನ್ನು ಮಾರಿದ ದುಡ್ಡಿನ ಚೀಲ ಕೈಗೆ ಕೊಟ್ಟು. ಎಡಗಡೆ ಅವನು ಆಗಲೇ ಚೀಲ ಹಿಡಿದು ಕೂತಿದ್ದ. ಉಜ್ಜುವಾಗ ಅದು ಬೆರಳಿಗೆ ಸಿಕ್ಕಿತು, ನಾನು ರೊಟ್ಟಿ ಎಂದುಕೊಂಡೆ. ಹೀಗೆ ನಿನ್ನ ಹಲಗೆಯಲ್ಲಿ ಇಬ್ಬರು ಯೂದಾಸರು, ಆ ಜಾಗದಲ್ಲಿ ಕೂರಬೇಕಿದ್ದ ಸಂತ ತೋಮಾಸನಿಗೆ ಊಟವೇ ಇಲ್ಲ.

ಪೆಟ್ಟಿಗೆ ಕಟ್ಟಲು ಬಂದಿದ್ದ ಇಸ್ಯೊ ಅದನ್ನು ನೋಡಿಯೂ ಬಾಯಿ ಬಿಡಲಿಲ್ಲ. ಜೀಪು ಹೋದ ಮೇಲೆ ಕ್ಷೌರದಂಗಡಿಯಲ್ಲಿ ಎಲ್ಲರ ಮುಂದೆ, "ಏನೋ ಬಾಲ್ದೊ, ದೊಡ್ಡ ಮನೆಗೆ ಒಬ್ಬ ಯೂದಾಸ ಸಾಲಲ್ಲ ಅಂತ ಇಬ್ಬರನ್ನ ಕಳಿಸ್ದೆಯಾ?" ಎಂದ. (ಇದನ್ನು ಬರೆಯುವುದಿಲ್ಲ ಅನ್ನುತ್ತಿದ್ದಾನೆ. ಬರಿ ಅಂದೆ.) ಎಲ್ಲರೂ ನಕ್ಕರು. ಅರ್ಧ ಕ್ಷೌರಕ್ಕೇ ಎದ್ದು ಮನೆಗೆ ಬಂದೆ. ಅಂದಿನಿಂದ ಬೀಗರ ಮನೆಯ ದೀಪ ನನ್ನ ತಲೆಯಲ್ಲಿ ಉರಿಯುತ್ತಿತ್ತು. ಯಾರೋ ಕನ್ನಡಕ ಹಾಕಿಕೊಂಡು ಹತ್ತಿರ ಬರುತ್ತಾರೆ, ಚೀಲಗಳನ್ನು ನೋಡುತ್ತಾರೆ, 'ನಮ್ಮನ್ನೇ ಯೂದಾಸರು ಅಂದದ್ದು' ಎಂದುಕೊಳ್ಳುತ್ತಾರೆ. ನನ್ನ ಮಗಳು ತಲೆ ತಗ್ಗಿಸಿ ನಿಲ್ಲುತ್ತಾಳೆ. ಹೀಗೇ. ಹಿತ್ತಲಲ್ಲಿ ಹಾಕು ಎಂದದ್ದು ಪರಿನಿಗ್ ಅಲ್ಲ ಮಗಳೇ. ಹಿತ್ತಲಲ್ಲಿ ಹಾಕು ಎಂದರೆ ಹಿತ್ತಲಲ್ಲಿ ಹಾಕು ಎಂದಷ್ಟೇ.

ನಕ್ಕಾದ ಮೇಲೆ 'ಅಂಗಡೀಲಿ' ಎಂಬುದನ್ನು ಮತ್ತೊಮ್ಮೆ ಓದಿಸಿದೆ. ನೋವಾಯಿತು. ಆಗಲಿಲ್ಲ ಎಂದು ಹೇಳುವುದಿಲ್ಲ. ಕೆಟ್ಟ ಕೆಲಸ ಕಳಿಸಿದವನು ನಾನು, ಹೆಸರು ಹೇಳದಿದ್ದದ್ದೇ ಒಳ್ಳೆಯದಾಯಿತು ಎಂದು ತಲೆ ಹೇಳುತ್ತದೆ. ಎದೆ ಕೇಳುವುದಿಲ್ಲ. ನೀನು ನಕ್ಕಾಗ ನಿನಗೆ ಚೀಲದ ವಿಷಯ ಗೊತ್ತಿರಲಿಲ್ಲವಲ್ಲ. ಚೌಕಾಸಿ ಮಾಡಿದೆ ಎಂದೆಯಲ್ಲ ಮಗಳೇ, ಎಷ್ಟಕ್ಕೆ ಇಳಿಸಿದೆ?

ಹಲಗೆ ಅಲ್ಲೇ ಇರಲಿ. ಯಾರಿಗೂ ತೋರಿಸಬೇಡ.

ಇತಾಯ್

ಕೆಸೋನ್ ಸಿಟಿ
ಏಪ್ರಿಲ್ 23, 1979

ಇತಾಯ್,

ನಿಮ್ಮ ಕಾಗದ ಓದಿದ ಕೂಡಲೇ ಹಿತ್ತಲ ಅಡುಗೆಮನೆಗೆ ಹೋಗಿ, ಸ್ಟೂಲು ಹತ್ತಿ ನೋಡಿದೆ. ಎಡಗಡೆ ಒಂದು ಚೀಲ, ಬಲಗಡೆ ಒಂದು ಚೀಲ. ಕೂಸಿಗೂ ಕಾಣುವಷ್ಟು ಢಾಳಾಗಿವೆ. ಊಟದ ಕೋಣೆಯಲ್ಲಿ ಉಣ್ಣುವುದು ಸೇರದೆ ಎಷ್ಟೋ ಸಲ ನಾನು ಅಲಿಂಗ್ ತಿನಯ್ ಜೊತೆ ಆ ಹಲಗೆಯ ಕೆಳಗೇ ಕೂತು ಒಣಮೀನು ತಿಂದಿದ್ದೇನೆ. ಒಂದು ಸಲವೂ ತಲೆಯೆತ್ತಿ ನೋಡಲಿಲ್ಲ. ನೋಡಿದರೆ ನಿಮ್ಮ ಮುಖ ನೋಡಿದ ಹಾಗಾಗುತ್ತದೆ ಎಂದು ಹೆದರುತ್ತಿದ್ದೆ. ನಿಮ್ಮ ಕಣ್ಣಿಗೆ ಚೀಲ ಕಾಣದಿದ್ದದ್ದು ಪೊರೆಯಿಂದ. ನನ್ನ ಕಣ್ಣಿಗೆ ಏನಾಗಿತ್ತು?

ನಿಮ್ಮ ಮಾತಿನಲ್ಲಿ ಅರ್ಧ ಉಳಿಸಿಕೊಂಡಿದ್ದೇನೆ, ಅರ್ಧ ಮೀರಿದ್ದೇನೆ. ನಿನ್ನೆ ಪಾದ್ರಿಗಳು ಕೋಣೆ ಕೋಣೆಗೂ ಪವಿತ್ರ ಜಲ ಚಿಮುಕಿಸುತ್ತ ಕೊನೆಗೆ ಹಿತ್ತಲ ಅಡುಗೆಮನೆಗೆ ಬಂದರು. ಹಲಗೆ ಕಂಡು, "ಓ, ಕಡೆಯ ಭೋಜನ!" ಎಂದರು.

"ಅದು ಅಂಗಡಿದು ಫಾದರ್, ಚೋಲೆಂಗ್ ಚೌಕಾಸಿ ಮಾಡಿ ತಂದಿದ್ದು," ಎಂದರು ಅತ್ತೆ.

"ಅಂಗಡಿದಲ್ಲ ಅತ್ತೆ," ಅಂದೆ. "ನಮ್ಮಪ್ಪ ಕೆತ್ತಿದ್ದು. ಅವರದ್ದು ಮರದ ವ್ಯಾಪಾರ ಅಲ್ಲ. ಉಳಿ ಹಿಡಿದು ಕೆತ್ತೋರು. ಅವತ್ತು ನಂಗೆ ಹೇಳೋಕೆ ನಾಚಿಕೆ ಆಗಿತ್ತು."

ಅತ್ತೆಯ ಮುಖ ಕೆಂಪಾಯಿತು. ಜೀಪ್ ಡ್ರೈವರ್‌ಗಳ ಮಾತು ಅವರಿಗೂ ನೆನಪಾಗಿರಬೇಕು. "ಮೊದಲೇ ಹೇಳೋಕೇನಾಗಿತ್ತೇ ನಿಂಗೆ! ಬೀಗರು ಕೆತ್ತಿ ಕಳಿಸಿದ್ದನ್ನ ಮೀನಿನ ಹೊಗೇಲಿ ಹಾಕಿದ್ದೀಯಲ್ಲ! ಊರವರು ನನ್ನ ಏನಂದುಕೋತಾರೆ? ಎಫ್ರೆನ್, ಇಳಿಸೋ ಅದನ್ನ. ಊಟದ ಕೋಣೆಗೆ ತಗೊಂಡು ಹೋಗು. ದೀಪದ ಕೆಳಗೆ ಹಾಕು."

ದೀಪದ ಕೆಳಗೆ, ಇತಾಯ್! ನಾನು ಓಡಿಹೋಗಿ ಒಲೆಯ ಮುಂದೆ ಅಡ್ಡ ನಿಂತೆ. "ಬೇಡ ಅತ್ತೆ. ಅಪ್ಪಂಗೆ ಇದು ಇಲ್ಲೇ ಇರ್ಬೇಕಂತೆ. ಹೊಗೆ ಕುಡಿದ್ರೆ ಮರಕ್ಕೆ ಹುಳ ಬೀಳಲ್ವಂತೆ."

"ಇವಳಿಗೇನು ತಲೆ ಕೆಟ್ಟಿದೆಯಾ?" ಎಂದರು ಅತ್ತೆ. ಎಫ್ರೆನ್ ನನ್ನ ಮುಖ ನೋಡಿ ಕೈಗೆತ್ತಿಕೊಂಡಿದ್ದ ಸುತ್ತಿಗೆ ಕೆಳಗಿಟ್ಟರು. ಪಾದ್ರಿಗಳು ಇನ್ನೇನೂ ತೋಚದೆ ನನ್ನ ಮೇಲೂ ಅತ್ತೆಯ ಮೇಲೂ ಒಂದಿಷ್ಟು ನೀರು ಚಿಮುಕಿಸಿ ಮುಂದೆ ಹೋದರು. ಅತ್ತೆ ಇವತ್ತು ನನ್ನ ಜೊತೆ ಮಾತಾಡುತ್ತಿಲ್ಲ. ಚೀಲಗಳನ್ನು ಯಾರೂ ನೋಡಲಿಲ್ಲ.

ಎಷ್ಟಕ್ಕೆ ಇಳಿಸಿದೆ ಎಂದು ಕೇಳಿದ್ದೀರಿ. ನಿಮ್ಮ ಹೆಸರೇ ಇಲ್ಲದಷ್ಟಕ್ಕೆ ಇಳಿಸಿದೆ, ಇತಾಯ್.

ಶನಿವಾರ ನೆಸ್ತೊರ್ ಜೀಪು ತರುತ್ತಾನೆ, ಬನ್ನಿ. ಎಫ್ರೆನ್ ಕಣ್ಣಿನ ಡಾಕ್ಟರ ಹತ್ತಿರ ಮಾತಾಡಿದ್ದಾರೆ. ಮುಂದಿನ ಗೇಟಿನಿಂದಲೇ ಬನ್ನಿ, ನಾನು ಅಲ್ಲಿ ನಿಂತಿರುತ್ತೇನೆ. ಎಲ್ಲರ ನಡುವೆ ಕೂರುವುದು ಬೇಡವಾದರೆ ಹಿತ್ತಲ ಅಡುಗೆಮನೆಯಲ್ಲೇ ಉಣ್ಣೋಣ. ಕ್ಷೌರದಂಗಡಿಯಲ್ಲಿ ಕಾ ಇಸ್ಯೊ ಇನ್ನೊಮ್ಮೆ ಆ ಮಾತು ಎತ್ತಿದರೆ, ದೊಡ್ಡ ಮನೆಯಲ್ಲಿರುವ ಯೂದಾಸರು ಇಬ್ಬರಲ್ಲ, ನನ್ನ ಮಗಳೂ ಸೇರಿ ಮೂವರು ಎಂದು ಹೇಳಿಬಿಡಿ.

ಚೋಲೆಂಗ್

ಪಾಯೆತೆ
ಏಪ್ರಿಲ್ 26, 1979

ಮಗಳೇ,

ಶನಿವಾರ ಬರುತ್ತೇನೆ. ಇಸ್ಯೊನೂ ಬರುತ್ತಾನಂತೆ, ದೊಡ್ಡ ಮನೆ ನೋಡಬೇಕಂತೆ. ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಅವನೇ ತನ್ನ ಕೈಯಾರೆ ಇಲ್ಲಿ ಬರೆದಿದ್ದಾನೆ.

ಚಿಕ್ಕ ಉಳಿ ತರುತ್ತಿದ್ದೇನೆ. ಡಾಕ್ಟರು ಕಣ್ಣು ತೆರೆಸಿದರೆ ಒಂದು ಚೀಲ ಕೆತ್ತಿ ತೆಗೆದುಬಿಡುತ್ತೇನೆ, ತೋಮಾಸನಿಗೂ ಊಟ ಸಿಗಲಿ. ಮೂರನೆಯವಳ ವಿಷಯ ಓದಿ ಇಸ್ಯೊ ಕಾಗದ ಮಡಿಸಿಟ್ಟ. ಆಮೇಲೆ ಅವನೇ, "ಒಲೆ ಮುಂದೆ ಅಡ್ಡ ನಿಂತೋಳ ಕೈಗೆ ಯೂದಾಸನ ಚೀಲ ಹೇಗೆ ಕೊಡ್ತೀಯೋ?" ಎಂದ.

ಅಂಗಡಿಯ ಮಾತು ಇನ್ನೂ ನೋಯುತ್ತದೆ. ಒಣಮೀನು ಹುರಿದಿಡು. ಉಂಡ ಮೇಲೆ ಹೋಗುತ್ತದೋ ನೋಡೋಣ.

ನಿನ್ನ ಇತಾಯ್